ಮೇಯರ್ ಕುರ್ಚಿಯ ಬೇರು ವಾರ್ಡಿನಲ್ಲಿದೆ

ತುಮಕೂರಿನ ಮತದಾರರಿಗೆ ಮೇಯರ್ ಅವರನ್ನು ಮತ ಹಾಕಿ ಕೆಳಗಿಳಿಸುವ ಹಕ್ಕು ಇಲ್ಲ. ಗುಬ್ಬಿ ಪಟ್ಟಣ ಪಂಚಾಯಿತಿ, ಕುಣಿಗಲ್ ಪುರಸಭೆಗಳ ಅಧ್ಯಕ್ಷರ ವಿಷಯವೂ ಅಷ್ಟೇ. ಸಾವಿರಾರು ಸಹಿ ಹಾಕಿಸಿ ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟರೂ ಅದು ಮನವಿ ಪತ್ರವಾಗುತ್ತದೆಯೇ ಹೊರತು ಚುನಾವಣೆಯಾಗುವುದಿಲ್ಲ. ಹಾಗೆಂದು ನಾಗರಿಕರ ಕೈ ಕಟ್ಟಿಹಾಕಿಲ್ಲ. ಕಾನೂನು ಬೇರೆ ದಾರಿ ಇಟ್ಟಿದೆ, ಅದು ಹಲವರಿಗೆ ಗೊತ್ತಿಲ್ಲ ಅಷ್ಟೇ.

ಮೇಯರ್ ಅವರನ್ನು ಆರಿಸುವವರು ನಾವಲ್ಲ. ತುಮಕೂರು ಮಹಾನಗರ ಪಾಲಿಕೆಯ 35 ವಾರ್ಡ್‌ಗಳಲ್ಲಿ ನಾವು ಆರಿಸುವುದು ಸದಸ್ಯರನ್ನು ಮಾತ್ರ. ಮೀಸಲಾತಿಯ ಸರದಿಯಂತೆ ಆ ಸದಸ್ಯರು ಮೇಯರ್ ಅವರನ್ನು ಆರಿಸುತ್ತಾರೆ. ತುಮಕೂರಿನಲ್ಲಿ ಇದು 1976ರ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯಂತೆ ವರ್ಷಕ್ಕೊಮ್ಮೆ ನಡೆದುಬಂದಿದೆ. ಗುಬ್ಬಿ, ಕುಣಿಗಲ್‌ಗೆ 1964ರ ಪೌರಸಭೆಗಳ ಕಾಯ್ದೆ ಅನ್ವಯಿಸುತ್ತದೆ. ಅಲ್ಲಿ ಅಧ್ಯಕ್ಷರ ಅವಧಿ 30 ತಿಂಗಳು. ಮೇಯರ್ ಆಯ್ಕೆಯಲ್ಲೂ ಅಧ್ಯಕ್ಷರ ಆಯ್ಕೆಯಲ್ಲೂ ಶಾಸಕರು, ಸಂಸದರೂ ಮತ ಹಾಕುತ್ತಾರೆ.

ಜನರೇ ಕುರ್ಚಿ ಖಾಲಿ ಮಾಡಿಸಿದ ಊರುಗಳು ನಮ್ಮ ದೇಶದಲ್ಲೇ ಇವೆ. 2001ರಲ್ಲಿ ಮಧ್ಯಪ್ರದೇಶದ ಅನೂಪಪುರದಲ್ಲಿ ನಗರಾಧ್ಯಕ್ಷೆ ಹೀಗೆ ಅಧಿಕಾರ ಕಳೆದುಕೊಂಡರು. 2008ರಲ್ಲಿ ಛತ್ತೀಸಗಢದ ಮೂರು ಪಟ್ಟಣಗಳಲ್ಲಿ ಇದೇ ಆಯಿತು. 2012ರಲ್ಲಿ ರಾಜಸ್ಥಾನದ ಮಾಂಗರೋಲ್‌ನಲ್ಲಿ ಮಾತ್ರ ಮತದಾರರು ಅಧ್ಯಕ್ಷರನ್ನು ಉಳಿಸಿಕೊಂಡರು. ಮಧ್ಯಪ್ರದೇಶದ ಮತದಾನದಲ್ಲಿ ಚಿಹ್ನೆಗಳು ಎರಡೇ: ಖಾಲಿ ಕುರ್ಚಿ, ತುಂಬಿದ ಕುರ್ಚಿ. ಓದು ಬಾರದವರಿಗೂ ಅರ್ಥವಾಗುವಂಥದ್ದು. ಆದರೆ ಅಲ್ಲಿಯೂ ಪ್ರಕ್ರಿಯೆ ಶುರುವಾಗುವುದು ಚುನಾಯಿತ ಸದಸ್ಯರ ಮುಕ್ಕಾಲು ಪಾಲು ಮಂದಿ ಸಹಿ ಹಾಕಿದ ಮೇಲೆಯೇ. ಜನ ನೇರವಾಗಿ ಆರಿಸಿದ ಅಧ್ಯಕ್ಷರನ್ನು ಜನರೇ ಇಳಿಸಬೇಕು ಎಂಬುದು ಆ ಕಾನೂನಿನ ತಿರುಳು. ನಮ್ಮಲ್ಲಿ ನೇರ ಆಯ್ಕೆಯೇ ಇಲ್ಲದಿರುವಾಗ ಹೀಗೆ ಮತ ಹಾಕಿ ಇಳಿಸುವ ಮರುಕರೆಯ ಹಕ್ಕನ್ನಷ್ಟೇ ಕೇಳುವುದು ಅರ್ಧ ಬೇಡಿಕೆ. ಎರಡನ್ನೂ ಒಟ್ಟಿಗೇ ಕೇಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಪುರಸಭೆ, ಪಟ್ಟಣ ಪಂಚಾಯಿತಿಗಳಲ್ಲಿ ಅವಿಶ್ವಾಸ ನಿರ್ಣಯದ ದಾರಿಯಿದೆ. 1964ರ ಕಾಯ್ದೆಯ 42ನೇ ಕಲಮಿನಂತೆ ವಿಶೇಷ ಸಭೆಯಲ್ಲಿ ಒಟ್ಟು ಸದಸ್ಯರ ಮೂರನೇ ಎರಡರಷ್ಟು ಮಂದಿ ಬೆಂಬಲಿಸಿದರೆ ಅಧ್ಯಕ್ಷರ ಸ್ಥಾನ ತಾನಾಗಿಯೇ ತೆರವಾಗುತ್ತದೆ. ಹಾಜರಿದ್ದವರ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕುಣಿಗಲ್‌ನ 23 ವಾರ್ಡ್‌ಗಳನ್ನಷ್ಟೇ ಹಿಡಿದರೂ 16 ಕೈ ಮೇಲೇಳಬೇಕು. ಪಕ್ಷದ ವಿಪ್ ಮೀರಿದರೆ 1987ರ ಪಕ್ಷಾಂತರ ನಿಷೇಧ ಕಾಯ್ದೆಯಡಿ ಸದಸ್ಯತ್ವಕ್ಕೇ ಕುತ್ತು. ಇದೇ ಕಲಮು ಇನ್ನೊಂದು ಬಾಗಿಲನ್ನೂ ತೆರೆದಿಟ್ಟಿದೆ: ಕರ್ತವ್ಯಲೋಪ, ದುರ್ನಡತೆ ಸಾಬೀತಾದರೆ ಅಧ್ಯಕ್ಷರ ಅಹವಾಲು ಕೇಳಿದ ಬಳಿಕ ಸರ್ಕಾರವೇ ಅವರನ್ನು ತೆಗೆದುಹಾಕಬಹುದು. ದಾಖಲೆ ಸಮೇತ ದೂರನ್ನು ಜಿಲ್ಲಾಧಿಕಾರಿಗಳ ಮೂಲಕ ಸರ್ಕಾರಕ್ಕೆ ಕಳಿಸಲು ಯಾವ ನಾಗರಿಕರಿಗೂ ಅಡ್ಡಿಯಿಲ್ಲ.

ಇವೆಲ್ಲಕ್ಕಿಂತ ಗಟ್ಟಿಯಾದ ದಾರಿಯನ್ನು ಮೈಸೂರು ತೋರಿಸಿಕೊಟ್ಟಿತು. 2021ರ ಫೆಬ್ರವರಿಯಲ್ಲಿ ರುಕ್ಮಿಣಿ ಮಾದೇಗೌಡ ಅಲ್ಲಿ ಮೇಯರ್ ಆದರು. ಅಷ್ಟರಲ್ಲಾಗಲೇ ಅವರ ವಾರ್ಡಿನ ಆಯ್ಕೆ ಕೋರ್ಟಿನಲ್ಲಿತ್ತು. 2018ರ ಚುನಾವಣೆಯಲ್ಲಿ ಆಸ್ತಿ ವಿವರವನ್ನು ತಪ್ಪಾಗಿ ಕೊಟ್ಟಿದ್ದಾರೆಂದು ಸೋತ ಅಭ್ಯರ್ಥಿ ತಕರಾರು ಅರ್ಜಿ ಹಾಕಿದ್ದರು. ಜಿಲ್ಲಾ ನ್ಯಾಯಾಲಯ 2020ರ ಡಿಸೆಂಬರ್‌ನಲ್ಲಿ ಆಯ್ಕೆಯನ್ನು ರದ್ದು ಮಾಡಿತು, 2021ರ ಮೇ ತಿಂಗಳಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸದಸ್ಯತ್ವ ಹೋದ ಮೇಲೆ ಮೇಯರ್ ಪಟ್ಟ ಉಳಿಯಲಿಲ್ಲ. ಸೆಪ್ಟೆಂಬರ್‌ನಲ್ಲಿ 36ನೇ ವಾರ್ಡಿಗೆ ಉಪಚುನಾವಣೆ ಬಂತು. ಅವಧಿ ಮುಗಿಯುವ ಮೊದಲೇ ಮೇಯರ್ ಆಗಿದ್ದವರ ವಾರ್ಡಿನ ಜನ ಮತ್ತೊಮ್ಮೆ ಮತಗಟ್ಟೆಗೆ ಬಂದರು. ಮರುಕರೆಗೆ ನಮ್ಮ ರಾಜ್ಯದಲ್ಲಿ ಇಷ್ಟು ಹತ್ತಿರ ಬಂದ ಇನ್ನೊಂದು ಪ್ರಸಂಗ ನನಗೆ ಕಾಣುವುದಿಲ್ಲ. ನೆನಪಿಡಬೇಕಾದ್ದು ಗಡುವು: ಪಾಲಿಕೆ ಸದಸ್ಯರ ಆಯ್ಕೆ ಪ್ರಶ್ನಿಸುವ ಅರ್ಜಿಯನ್ನು ಫಲಿತಾಂಶದಿಂದ 30 ದಿನದೊಳಗೆ ಜಿಲ್ಲಾ ನ್ಯಾಯಾಲಯಕ್ಕೆ ಸಲ್ಲಿಸಬೇಕು. ಆ ವಾರ್ಡಿನ ಮತದಾರರೂ ಸಲ್ಲಿಸಬಹುದು. ನಾಮಪತ್ರದ ಜೊತೆಗಿನ ಪ್ರಮಾಣಪತ್ರವನ್ನು ಚುನಾವಣೆಯ ವಾರದಲ್ಲೇ ಓದಿಟ್ಟುಕೊಂಡವರಿಗೆ ಮಾತ್ರ ಈ 30 ದಿನ ಸಾಕಾಗುತ್ತದೆ.

ಬೆಳಗಾವಿಯದು ಇನ್ನೊಂದು ಬಗೆ. ಪಾಲಿಕೆಯ ತಿನಿಸು ಕಟ್ಟೆಯ ಮಳಿಗೆಗಳು ಸದಸ್ಯರ ಪತ್ನಿಯರ ಹೆಸರಿನಲ್ಲಿವೆ ಎಂಬ ನಾಗರಿಕರೊಬ್ಬರ ದೂರಿನ ಮೇಲೆ ಪ್ರಾದೇಶಿಕ ಆಯುಕ್ತರು 2025ರ ಫೆಬ್ರವರಿಯಲ್ಲಿ ಇಬ್ಬರು ಸದಸ್ಯರನ್ನು ಅನರ್ಹಗೊಳಿಸಿದರು. ಆದೇಶಕ್ಕೆ ಹೈಕೋರ್ಟಿನಲ್ಲಿ ತಡೆ ಸಿಕ್ಕು, ಅವರಲ್ಲೊಬ್ಬರಾದ ಮಂಗೇಶ ಪವಾರ ಮಾರ್ಚ್‌ನಲ್ಲಿ ಮೇಯರ್ ಆದರು. ಜೂನ್‌ನಲ್ಲಿ ಸರ್ಕಾರದ ಮಟ್ಟದಲ್ಲಿ ಅನರ್ಹತೆಯ ಆದೇಶವೇ ಊರ್ಜಿತವಾಯಿತು, ವಿಷಯ ಮತ್ತೆ ಹೈಕೋರ್ಟ್ ಮೆಟ್ಟಿಲೇರಿತು. ಪಾಲಿಕೆಯೊಂದಿಗಿನ ಗುತ್ತಿಗೆಯಲ್ಲಿ ಸದಸ್ಯರಿಗೆ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಪಾಲಿರಬಾರದು ಎನ್ನುವ 1976ರ ಕಾಯ್ದೆಯ 26ನೇ ಕಲಮು ಇದಕ್ಕೆ ಆಧಾರ. ತುಮಕೂರಿನವರು ಇಂಥ ದೂರನ್ನು ಬೆಂಗಳೂರು ಪ್ರಾದೇಶಿಕ ಆಯುಕ್ತರಿಗೆ ಸಲ್ಲಿಸಬೇಕು.

ದೂರಿಗೆ ಬೇಕಾದ ಕಾಗದ ಎಲ್ಲಿ ಸಿಗುತ್ತದೆ? ಪಾಲಿಕೆಯ ಸದಸ್ಯರು ಪ್ರತಿ ವರ್ಷ ಆಸ್ತಿ ಘೋಷಣೆ ಸಲ್ಲಿಸಬೇಕೆಂದು ಅದೇ ಕಾಯ್ದೆಯ 19ನೇ ಕಲಮು ಹೇಳುತ್ತದೆ. ಆ ಪ್ರತಿಗಳು, ಸಭಾ ನಡವಳಿ, ಕಾಮಗಾರಿಯ ಅಳತೆ ಪುಸ್ತಕ, ಬಿಲ್ಲು, ಮಳಿಗೆ ಹಂಚಿಕೆಯ ಕಡತ, ಇವನ್ನೆಲ್ಲ ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು, ಬಿಪಿಎಲ್ ಕುಟುಂಬಕ್ಕೆ ಅದೂ ಬೇಡ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. 'ಭ್ರಷ್ಟಾಚಾರದ ವಿವರ ಕೊಡಿ' ಎಂದು ಬರೆದರೆ ಉತ್ತರ ಬರುವುದಿಲ್ಲ. ಯಾವ ವಾರ್ಡು, ಯಾವ ರಸ್ತೆಯ ಚರಂಡಿ, ಯಾವ ವರ್ಷ ಎಂದು ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ಲಂಚ, ಅಧಿಕಾರ ದುರುಪಯೋಗದ ದೂರಾದರೆ ಲೋಕಾಯುಕ್ತರಿಗೆ ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಪ್ರಮಾಣಪತ್ರ. ಸುಳ್ಳು ದೂರಿಗೆ ಶಿಕ್ಷೆಯಿದೆ, ಆದ್ದರಿಂದ ಕೇಳಿದ ಸುದ್ದಿಯನ್ನಲ್ಲ, ಕೈಯಲ್ಲಿರುವ ಕಾಗದವನ್ನು ನಂಬಿ.

ತುಮಕೂರಿನಲ್ಲಿ ಇದಕ್ಕಿಂತ ದೊಡ್ಡ ಕೊರತೆಯೊಂದಿದೆ. 2018ರಲ್ಲಿ ಆಯ್ಕೆಯಾದ ಸದಸ್ಯರ ಅವಧಿ 2024ರ ಆರಂಭದಲ್ಲಿ ಮುಗಿದು ಪಾಲಿಕೆ ಆಡಳಿತಾಧಿಕಾರಿಯ ಕೈಗೆ ಹೋಯಿತು. ಮೊದಲ ಸಭೆಯಿಂದ ಐದು ವರ್ಷ ತುಂಬುವ ಮೊದಲೇ ಚುನಾವಣೆ ಮುಗಿಸಬೇಕೆಂದು ಸಂವಿಧಾನದ 243ಯು ವಿಧಿ ಹೇಳುತ್ತದೆ. 2022ರಲ್ಲಿ ಸುರೇಶ್ ಮಹಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಸ್ಥಳೀಯ ಸಂಸ್ಥೆಗಳ ಚುನಾವಣೆ ತಡಮಾಡಕೂಡದೆಂದು ಖಡಾಖಂಡಿತವಾಗಿ ಹೇಳಿದೆ. ಇಳಿಸಲು ಮೇಯರ್ ಇಲ್ಲದ ಊರಿನಲ್ಲಿ ಕೇಳಬೇಕಾದ ಮೊದಲ ಹಕ್ಕು ಚುನಾವಣೆಯೇ. ಅದನ್ನು ರಾಜ್ಯ ಚುನಾವಣಾ ಆಯೋಗಕ್ಕೆ ಮನವಿಯಾಗಿ, ಬಗ್ಗದಿದ್ದರೆ ಹೈಕೋರ್ಟಿನಲ್ಲಿ ರಿಟ್ ಅರ್ಜಿಯಾಗಿ ಕೇಳಬಹುದು.

ವಕೀಲರ ಶುಲ್ಕಕ್ಕೆ ಹೆದರಬೇಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ತುಮಕೂರಿನಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ಗುಬ್ಬಿ ಮತ್ತು ಕುಣಿಗಲ್‌ನಲ್ಲಿ ತಾಲ್ಲೂಕು ಸಮಿತಿಗಳು ನ್ಯಾಯಾಲಯದ ಆವರಣದಲ್ಲೇ ಇವೆ. ಸಹಾಯವಾಣಿ 15100.