ಸಣ್ಣ ಕಾರಿನಲ್ಲಿ ಕೂಸಿನ ಸೀಟನ್ನು ಕಟ್ಟುವ ಕ್ರಮ

ಹೊರನಾಡಿನಲ್ಲಿ ದುಡಿಯುವ ನಮ್ಮವರ ಮನೆಗಳಲ್ಲಿ ಒಂದು ಪದ್ಧತಿ ಇಂದಿಗೂ ಉಳಿದು ಬಂದಿದೆ. ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುತ್ತಾಳೆ. ಬಾಣಂತನ ಮುಗಿದು ಕೂಸಿಗೆ ಮೂರೋ ಐದೋ ತಿಂಗಳು ತುಂಬಿದ ಮೇಲೆ ಗಂಡ ಹೋಗಿ ಇಬ್ಬರನ್ನೂ ಕರೆತರುತ್ತಾನೆ. ಹಿಂದೆ ಈ ಪ್ರಯಾಣ ರೈಲಿನಲ್ಲೋ ರಾತ್ರಿ ಬಸ್ಸಿನಲ್ಲೋ ಆಗುತ್ತಿತ್ತು. ಈಗ ಕಂತಿನ ಮೇಲೆ ಕೊಂಡ ಅಥವಾ ಇನ್ನೊಬ್ಬರಿಂದ ಪಡೆದ ಸಣ್ಣ ಕಾರು ಹಲವರ ಬಳಿ ಇದೆ. ಹೀಗಾಗಿ ಹುಬ್ಬಳ್ಳಿ, ಬೆಳಗಾವಿಗಳ ಕಡೆಯಿಂದ ಪುಣೆ, ಮುಂಬಯಿಗಳಿಗೆ ಬರುವ ಕೂಸಿನ ಮೊದಲ ದೊಡ್ಡ ಪ್ರಯಾಣವೇ ಹೆದ್ದಾರಿಯ ಮೇಲೆ ನೂರಾರು ಕಿಲೋಮೀಟರು, ತಾಯಿಯ ಮಡಿಲಲ್ಲಿ ನಡೆಯುತ್ತದೆ. ಆ ಕೂಸು ತನ್ನದೇ ಸೀಟಿನಲ್ಲಿ ಬರಬೇಕು. ಆ ಸೀಟನ್ನು ಬಿಗಿಯಾಗಿ, ಸರಿಯಾಗಿ ಕಟ್ಟಿರಬೇಕು. ಇವೆರಡನ್ನು ತಿಳಿಸುವುದೇ ಈ ಪಾಠದ ಉದ್ದೇಶ.

ಮಡಿಲು ಏಕೆ ಸಾಲದು?

“ನಾವೆಲ್ಲ ಮಡಿಲಲ್ಲೇ ಬೆಳೆಯಲಿಲ್ಲವೇ?” ಎಂದು ಮನೆಯ ಹಿರಿಯರು ಕೇಳುವುದು ಸಹಜ. ಅವರಿಗೆ ಲೆಕ್ಕದಿಂದಲೇ ಉತ್ತರ ಹೇಳಬಹುದು. ಗಂಟೆಗೆ 36 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ 10 ಮೀಟರು. ಇದು ಪೇಟೆಯೊಳಗಿನ ವೇಗ. ಈ ವೇಗದಲ್ಲಿ ಹೋಗುತ್ತಿರುವ ಕಾರು ಎದುರಿನ ಲಾರಿಗೆ ಬಡಿದು ಸೆಕೆಂಡಿನ ಹತ್ತನೆಯ ಒಂದು ಪಾಲಿನಲ್ಲಿ ನಿಂತಿತು ಎನ್ನೋಣ. ಕಾರು ನಿಂತರೂ ಒಳಗಿರುವವರ ದೇಹ ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. 7 ಕಿಲೋ ತೂಕದ ಕೂಸನ್ನು ಆ ಕ್ಷಣದಲ್ಲಿ ಹಿಡಿದು ನಿಲ್ಲಿಸಬೇಕಾದರೆ ಸುಮಾರು 70 ಕಿಲೋ ಭಾರವನ್ನು ತಡೆಯುವಷ್ಟು ಬಲ ಬೇಕು. ವೇಗ 72 ಕಿಲೋಮೀಟರು ಇದ್ದು, ಕಾರು ಅಷ್ಟೇ ಹೊತ್ತಿನಲ್ಲಿ ನಿಂತರೆ, 140 ಕಿಲೋ. ಒಂದೂವರೆ ಮಣದ ಮೂಟೆಯನ್ನು ಎತ್ತಬಲ್ಲ ಹಮಾಲನ ತೋಳಿಗೂ ಇದು ಸಾಧ್ಯವಿಲ್ಲ. ತಾಯಿಯ ಪ್ರೀತಿ ಎಷ್ಟು ದೊಡ್ಡದಾದರೂ ಅವಳ ಕೈ ಎಲುಬುಮಾಂಸಗಳದ್ದೇ.

ತಾಯಿ ಮತ್ತು ಕೂಸು ಇಬ್ಬರನ್ನೂ ಸೇರಿಸಿ ಒಂದೇ ಬೆಲ್ಟು ಹಾಕುವುದು ಇನ್ನೂ ಕೆಡುಕು. ಆಗ ತಾಯಿಯ ಭಾರವೆಲ್ಲ ಕೂಸಿನ ಮೇಲೆ ಬಿದ್ದು, ಬೆಲ್ಟಿಗೂ ತಾಯಿಗೂ ನಡುವೆ ಅದು ಜಜ್ಜಿಹೋಗುತ್ತದೆ.

ಸರಿಯಾಗಿ ಕಟ್ಟಿದ ಸೀಟಿನ ಪ್ರಯೋಜನ ಎಷ್ಟು? ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯ ಅಂದಾಜಿನ ಪ್ರಕಾರ, ಕಾರಿನಲ್ಲಿ ಇಂಥ ಸೀಟು ಒಂದು ವರ್ಷದೊಳಗಿನ ಕೂಸುಗಳ ಸಾವನ್ನು ನೂರಕ್ಕೆ 71ರಷ್ಟು, ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವನ್ನು ನೂರಕ್ಕೆ 54ರಷ್ಟು ತಗ್ಗಿಸುತ್ತದೆ. ನಮ್ಮ ದೇಶದಲ್ಲಿಯೂ 2019ರಲ್ಲಿ ಮೋಟಾರು ವಾಹನ ಕಾಯಿದೆಗೆ 194ಬಿ ಎಂಬ ಕಲಮು ಸೇರಿದೆ. 14 ವರ್ಷ ತುಂಬದ ಮಗುವನ್ನು ಬೆಲ್ಟು ಅಥವಾ ಮಕ್ಕಳ ಸೀಟು ಇಲ್ಲದೆ ಕಾರಿನಲ್ಲಿ ಒಯ್ದರೆ 1000 ರೂಪಾಯಿ ದಂಡ. ಆದರೆ ದಂಡಕ್ಕೆ ಅಂಜಿ ಮಾಡುವ ಕೆಲಸ ಇದಲ್ಲ.

ಕೂಸಿನ ಮುಖ ಹಿಂದಕ್ಕೆ

ಕೂಸಿನ ಸೀಟು ಕಾರಿನ ಹಿಂಬದಿಗೆ ಮುಖಮಾಡಿ ಇರಬೇಕು. ಇದು ವಿಚಿತ್ರವಾಗಿ ತೋರಬಹುದು, ಕಾರಣ ಸರಳವಾಗಿದೆ. ಹುಟ್ಟಿದ ಕೂಸಿನ ತಲೆ ಅದರ ಉದ್ದದ ಕಾಲುಭಾಗದಷ್ಟಿರುತ್ತದೆ. ದೊಡ್ಡವರಲ್ಲಿ ಎಂಟನೆಯ ಒಂದು ಭಾಗ ಮಾತ್ರ. ಕೂಸಿನ ಕತ್ತಿನ ಎಲುಬುಗಳಾದರೋ ಇನ್ನೂ ಗಟ್ಟಿಗೊಂಡಿರುವುದಿಲ್ಲ. ಮುಂದಕ್ಕೆ ಮುಖಮಾಡಿ ಕೂತರೆ ಪಟ್ಟಿಗಳು ಮೈಯನ್ನು ಹಿಡಿಯುತ್ತವೆ, ಭಾರವಾದ ತಲೆ ಮುಂದಕ್ಕೆ ಎಳೆಯುತ್ತದೆ, ನಡುವೆ ಕತ್ತು ಸಿಕ್ಕಿಕೊಳ್ಳುತ್ತದೆ. ಹಿಂದಕ್ಕೆ ಮುಖಮಾಡಿದ್ದರೆ ಸೀಟಿನ ಬೆನ್ನು ತಲೆ, ಕತ್ತು, ಬೆನ್ನು ಮೂರನ್ನೂ ಅಂಗೈಯಂತೆ ಒಟ್ಟಿಗೆ ಹಿಡಿಯುತ್ತದೆ. ಸ್ವೀಡನ್ ದೇಶದ ಬರ್ಟಿಲ್ ಆಲ್ಡ್‌ಮನ್ ಎಂಬ ವೈದ್ಯರು, ಅಂತರಿಕ್ಷಯಾನಿಗಳು ಬೆನ್ನಿನ ಮೇಲೆ ಒತ್ತಡ ತಾಳುವಂತೆ ಮಲಗಿ ಹೋಗುವುದನ್ನು ಗಮನಿಸಿ ಈ ಬಗೆಯ ಸೀಟನ್ನು ಯೋಚಿಸಿದರು. 1964ರಲ್ಲಿ ಅದರ ಮೊದಲ ಮಾದರಿಯನ್ನು ವೋಲ್ವೋ ಕಾರಿನಲ್ಲಿ ಪರೀಕ್ಷಿಸಲಾಯಿತು. ಈಗಿನ ಯೂರೋಪಿನ ನಿಯಮ, ಅಂದರೆ ಆರ್129, ಕಡಿಮೆಯೆಂದರೂ 15 ತಿಂಗಳವರೆಗೆ ಹೀಗೆಯೇ ಕೂಡಿಸಬೇಕೆನ್ನುತ್ತದೆ. ಸೀಟಿನ ಅಳತೆ ಸಾಲುವವರೆಗೆ ಅನಂತರವೂ ಹಾಗೆಯೇ ಇಡುವುದು ಲೇಸು.

ಸ್ಥಳ ಯಾವುದು?

ಮುಂದಿನ ಸೀಟು ಬೇಡ. ಹೊಸ ಕಾರುಗಳಲ್ಲಿ 2022ರ ಜನವರಿಯಿಂದ ಮುಂದಿನ ಎರಡೂ ಆಸನಗಳಿಗೆ ಏರ್‌ಬ್ಯಾಗು ಕಡ್ಡಾಯವಾಗಿದೆ. ಢಿಕ್ಕಿಯಾದಾಗ ಅದು ರೆಪ್ಪೆ ಬಡಿಯುವುದಕ್ಕಿಂತ ಬೇಗ ಸಿಡಿದು ಉಬ್ಬುತ್ತದೆ. ದೊಡ್ಡವರ ಎದೆಯನ್ನು ಕಾಯುವ ಅದೇ ಚೀಲ, ಹಿಂದಕ್ಕೆ ಮುಖಮಾಡಿದ ಕೂಸಿನ ಸೀಟಿಗೆ ಬಡಿದರೆ ಕೂಸಿನ ಪ್ರಾಣಕ್ಕೇ ಅಪಾಯ.

ಹಿಂದಿನ ಸೀಟಿನಲ್ಲಿ ನಡುವಿನ ಜಾಗ ಉತ್ತಮವೆಂದು ಪುಸ್ತಕಗಳು ಹೇಳುತ್ತವೆ. ಆದರೆ ಅನೇಕ ಸಣ್ಣ ಕಾರುಗಳಲ್ಲಿ ನಡುವೆ ಉಬ್ಬು ಇರುತ್ತದೆ. ಹಳೆಯವುಗಳಲ್ಲಿ ಸೊಂಟದ ಬೆಲ್ಟು ಮಾತ್ರ ಇರುತ್ತದೆ ಅಥವಾ ಅದೂ ಇರುವುದಿಲ್ಲ. ಅಂಥಲ್ಲಿ ಹಿಂದಿನ ಎಡಬದಿಯೇ ಸರಿ. ಅಲ್ಲಿ ಹೆಗಲು ಮತ್ತು ಸೊಂಟ ಎರಡನ್ನೂ ಹಿಡಿಯುವ ಬೆಲ್ಟು ಇರುತ್ತದೆ. ಕೂಸನ್ನು ಇಳಿಸುವಾಗ ವಾಹನಗಳ ಕಡೆಗಲ್ಲ, ರಸ್ತೆಯ ಅಂಚಿನ ಕಡೆಗೆ ಬಾಗಿಲು ತೆರೆಯುತ್ತದೆ. ಅದರ ಮುಂದಿನ ಆಸನವನ್ನು ಬೇಕಾದರೆ ಮುಂದಕ್ಕೆ ಸರಿಸಬಹುದು. ಚಾಲಕನ ಆಸನವನ್ನು ಹಾಗೆ ಸರಿಸಲಾಗದು. ತಾಯಿ ಕೂಸಿನ ಪಕ್ಕದಲ್ಲೇ ಬೆಲ್ಟು ಹಾಕಿ ಕೂಡಬಹುದು.

ಕೊಳ್ಳುವ ಮುನ್ನ

ಸೀಟನ್ನು ಕಾರಿನಲ್ಲಿ ಇಟ್ಟು ನೋಡದೆ ಹಣ ಕೊಡಬೇಡಿ. ಸಣ್ಣ ಕಾರಿನಲ್ಲಿ ತೊಡಕು ಎರಡು ಕಡೆ ಬರುತ್ತದೆ. ಒಂದು, ಮುಂದಿನ ಆಸನಕ್ಕೂ ಹಿಂದಿನದಕ್ಕೂ ನಡುವಿನ ಜಾಗ ಸಾಲದೆ ಹೋಗುವುದು. ಎರಡು, ಸೀಟನ್ನು ಸುತ್ತಿ ಬರುವಷ್ಟು ಬೆಲ್ಟು ಉದ್ದವಿಲ್ಲದಿರುವುದು. ಇವೆರಡೂ ಅಂಗಡಿಯ ಮುಂದೆಯೇ ಗೊತ್ತಾಗಬೇಕು.

ಸೀಟಿನ ಮೇಲೆ ಮಾನ್ಯತೆಯ ಚೀಟಿ ಇದೆಯೇ ನೋಡಿ. ಭಾರತದ ಮಾನಕ ಎಐಎಸ್-072. ಯೂರೋಪಿನದಾದರೆ ವೃತ್ತದೊಳಗೆ ‘ಇ’ ಎಂಬ ಇಂಗ್ಲಿಷ್ ಅಕ್ಷರ ಇರುತ್ತದೆ. ಹಳೆಯ ಯೂರೋಪು ನಿಯಮದಲ್ಲಿ ಹುಟ್ಟಿನಿಂದ 13 ಕಿಲೋವರೆಗಿನದು ಕೂಸಿನ ಸೀಟು. ಇನ್ನೊಬ್ಬರು ಬಳಸಿದ ಸೀಟನ್ನು ತರುವುದಾದರೆ, ಅದು ಯಾವ ಅಪಘಾತಕ್ಕೂ ಸಿಕ್ಕಿಲ್ಲವೆಂದು ಖಾತ್ರಿಯಾಗಿ ಹೇಳಬಲ್ಲ ಪರಿಚಿತರಿಂದ ಮಾತ್ರ ತನ್ನಿ. ಬಳಕೆಯ ಅವಧಿ ಮುಗಿದಿರಬಾರದು, ತಿಳಿವಳಿಕೆ ಪುಸ್ತಕವೂ ಜೊತೆಗಿರಬೇಕು. ಕೂಸಿಗೆ ಈ ಸೀಟು ಬೇಕಾಗುವುದು ಒಂದು ಒಂದೂವರೆ ವರ್ಷವಷ್ಟೆ. ಆದುದರಿಂದ ಪರಸ್ಪರ ನಂಬಿಕೆಯುಳ್ಳ ಎರಡು ಮೂರು ಮನೆಗಳವರು ಸೇರಿ ಒಂದನ್ನು ಕೊಂಡು ಸರದಿಯಲ್ಲಿ ಬಳಸಬಹುದು.

ಕಟ್ಟುವ ಕ್ರಮ

1. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಸೀಟಿನ ಪುಸ್ತಕ, ಕಾರಿನ ಪುಸ್ತಕ ಎರಡನ್ನೂ ಎದುರಿಗಿಟ್ಟುಕೊಳ್ಳಿ. ಇಲ್ಲಿ ಹೇಳಿದ್ದಕ್ಕಿಂತ ಆ ಪುಸ್ತಕಗಳ ಮಾತೇ ಮೇಲು.

2. ಸೀಟನ್ನು ಹಿಂದಕ್ಕೆ ಮುಖಮಾಡಿ ಇಡಿ. ಅದರ ಕೆಳಗೆ ಕೌದಿ, ದಿಂಬು ಏನನ್ನೂ ಹಾಸಬೇಡಿ. ಮೆತ್ತನೆಯ ವಸ್ತು ಢಿಕ್ಕಿಯಲ್ಲಿ ಅಮುಕಿಹೋಗಿ ಬೆಲ್ಟು ಸಡಿಲವಾಗುತ್ತದೆ.

3. ಬೆಲ್ಟನ್ನು ನಿಗದಿಯಾದ ದಾರಿಯಲ್ಲೇ ಒಯ್ಯಿರಿ. ಯೂರೋಪಿನ ನಿಯಮದ ಸೀಟುಗಳಲ್ಲಿ ಹಿಂದಕ್ಕೆ ಮುಖಮಾಡಿದಾಗಿನ ದಾರಿಗೆ ನೀಲಿ ಗುರುತು, ಮುಂದಕ್ಕೆ ಮುಖಮಾಡಿದಾಗಿನ ದಾರಿಗೆ ಕೆಂಪು ಗುರುತು. ಸಾಮಾನ್ಯವಾಗಿ ಸೊಂಟದ ಪಟ್ಟಿ ಕೂಸಿನ ಕಾಲಿನ ಕಡೆಯಿಂದ, ಹೆಗಲಿನ ಪಟ್ಟಿ ಸೀಟಿನ ಬೆನ್ನನ್ನು ಸುತ್ತಿ ಬರುತ್ತದೆ. ಎಲ್ಲಿಯೂ ಹುರಿಯಾಗಬಾರದು.

4. ಬೆಲ್ಟನ್ನು ಬಕಲಿಗೆ ಸಿಕ್ಕಿಸಿ, ‘ಟಕ್’ ಎಂಬ ಸದ್ದು ಕೇಳಿ. ಅಂಗೈಯಿಂದ ಸೀಟನ್ನು ಬಲವಾಗಿ ಕೆಳಕ್ಕೂ ಹಿಂದಕ್ಕೂ ಒತ್ತಿ, ಇನ್ನೊಂದು ಕೈಯಿಂದ ಉಳಿದ ಸಡಿಲವನ್ನೆಲ್ಲ ಎಳೆದು ತೆಗೆಯಿರಿ. ಒಬ್ಬರು ಒತ್ತಿ ಇನ್ನೊಬ್ಬರು ಎಳೆದರೆ ಕೆಲಸ ಚೆನ್ನಾಗಿ ಆಗುತ್ತದೆ. ಬಕಲಿನ ಗಟ್ಟಿ ಭಾಗವು ಸೀಟಿನ ಅಂಚಿನ ಮೇಲೆ ಮುರಿಯುವಂತೆ ಬಾಗಿ ಕೂತಿರಬಾರದು. ಹಾಗಾದರೆ ಆ ಸೀಟು ಆ ಜಾಗಕ್ಕೆ ಹೊಂದುವುದಿಲ್ಲ.

5. ಕಾರಿನಲ್ಲಿ ಐಸೋಫಿಕ್ಸ್ ಇದ್ದರೆ ಹಿಂದಿನ ಸೀಟಿನ ಬೆನ್ನೂ ತಳವೂ ಕೂಡುವ ಸಂದಿಯಲ್ಲಿ, 28 ಸೆಂಟಿಮೀಟರು ಅಂತರದಲ್ಲಿ ಎರಡು ಉಕ್ಕಿನ ಕಂಬಿಗಳು ಕೈಗೆ ಸಿಗುತ್ತವೆ. ಅದಕ್ಕೆಂದೇ ಮಾಡಿದ ಕೂಸಿನ ಸೀಟಿನ ಕೊಕ್ಕೆಗಳು ಅವುಗಳಿಗೆ ಕಚ್ಚಿಕೊಳ್ಳುತ್ತವೆ. ಆಧಾರದ ಕಾಲು ಇದ್ದರೆ ಅದು ಕಾರಿನ ಗಟ್ಟಿ ನೆಲದ ಮೇಲೆ ನಿಲ್ಲಬೇಕು. ನೆಲದೊಳಗಿನ ಪೆಟ್ಟಿಗೆಯ ಮುಚ್ಚಳದ ಮೇಲಲ್ಲ.

6. ಓರೆಯನ್ನು ನೋಡಿ. ಸೀಟಿನ ಪಕ್ಕದಲ್ಲಿರುವ ಗೆರೆ ನೆಲಕ್ಕೆ ಸಮನಾಗಿರಬೇಕು. ಸೀಟು ತೀರ ನೆಟ್ಟಗಿದ್ದರೆ ನಿದ್ದೆಯಲ್ಲಿ ಕೂಸಿನ ಗಲ್ಲ ಎದೆಗೆ ಬಿದ್ದು ಉಸಿರು ಕಟ್ಟಬಹುದು.

7. ಕೊನೆಗೆ ಪರೀಕ್ಷೆ. ಬೆಲ್ಟು ಹಾಯುವ ಜಾಗದಲ್ಲೇ ಸೀಟನ್ನು ಹಿಡಿದು ಪಕ್ಕಕ್ಕೂ ಮುಂದಕ್ಕೂ ಅಲ್ಲಾಡಿಸಿ. ಒಂದು ಅಂಗುಲಕ್ಕಿಂತ ಹೆಚ್ಚು ಸರಿದರೆ ಬಿಚ್ಚಿ ಮತ್ತೆ ಕಟ್ಟಿ.

ಕೂಸನ್ನು ಕೂಡಿಸುವಾಗ

ಹೆಗಲ ಪಟ್ಟಿಗಳು ಕೂಸಿನ ಹೆಗಲ ಮಟ್ಟದಿಂದ, ಇಲ್ಲವೆ ತುಸು ಕೆಳಗಿನಿಂದ ಹೊರಡಬೇಕು. ಪಟ್ಟಿಯನ್ನು ಬಿಗಿಮಾಡಿ ಹೆಗಲ ಮೇಲೆ ಎರಡು ಬೆರಳಿನಿಂದ ಚಿವುಟಿ ನೋಡಿ. ಮಡಿಕೆ ಸಿಕ್ಕಿದರೆ ಇನ್ನೂ ಸಡಿಲವಾಗಿದೆ ಎಂದರ್ಥ. ದಪ್ಪ ಕುಂಚಿಗೆ, ಉಣ್ಣೆಯ ಅಂಗಿಗಳ ಮೇಲೆ ಪಟ್ಟಿ ಹಾಕಬೇಡಿ. ತೆಳುವಾದ ಅಂಗಿಯ ಮೇಲೆ ಪಟ್ಟಿ ಕಟ್ಟಿ, ಚಳಿಯಿದ್ದರೆ ಅದರ ಮೇಲಿಂದ ಹೊದಿಸಿ. ಮುಖ ಮಾತ್ರ ತೆರೆದಿರಲಿ.

ಎರಡು ಗಂಟೆಗೊಮ್ಮೆಯಾದರೂ ಕಾರು ನಿಲ್ಲಿಸಿ ಕೂಸನ್ನು ಹೊರಗೆ ತೆಗೆದು ಅಂಗಾತ ಮಲಗಿಸಿ. ಎಳೆಯ ಕೂಸಾದರೆ ಇನ್ನೂ ಬೇಗಬೇಗ. ಮೊಲೆಯುಣಿಸುವುದು ಕಾರು ನಿಂತಾಗಲೇ. ಅತ್ತಿತೆಂದು ಓಡುವ ಕಾರಿನಲ್ಲಿ ಎತ್ತಿಕೊಂಡರೆ ಇಷ್ಟು ಹೊತ್ತು ಮಾಡಿದ ಕೆಲಸವೆಲ್ಲ ವ್ಯರ್ಥ. ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಕೂಸನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ.

ಮುನ್ನಾ ವಾರವೇ

ಊರಿಗೆ ಹೊರಡುವ ಹಿಂದಿನ ಭಾನುವಾರವೇ ಸೀಟನ್ನು ಕಟ್ಟಿಡಿ. ಐದು ಕಿಲೋ ಅಕ್ಕಿಯ ಚೀಲವನ್ನು ಅದರಲ್ಲಿ ಕೂಡಿಸಿ ಪಟ್ಟಿ ಹಾಕಿ ಬಿಚ್ಚಿ ಅಭ್ಯಾಸ ಮಾಡಿ. ತವರಿಗೆ ಹೋದ ಮೇಲೆ ಅಜ್ಜಿಯನ್ನು ಕರೆದು, ಅವರ ಕೈಯಿಂದಲೇ ಸೀಟನ್ನು ಅಲ್ಲಾಡಿಸಿ ನೋಡಲು ಹೇಳಿ. ಅದು ಕದಲದಿರುವುದನ್ನು ಕಂಡರೆ ಅವರಿಗೂ ಧೈರ್ಯ ಬರುತ್ತದೆ. ಸೀಟಿಗೆ ಹಣ ಹೊಂದದಿದ್ದರೆ ಆ ಒಂದು ಪ್ರಯಾಣವನ್ನು ರೈಲಿನಲ್ಲಿ ಮಾಡಿ. ಅದರಲ್ಲಿ ಸಂಕೋಚವೇನೂ ಬೇಡ. ಕಾರೇ ಆಗಬೇಕೆಂದರೆ, ಸೀಟು ಬಿಗಿಯಾದ ಮೇಲೆಯೇ ಗಾಡಿ ಹೊರಡಲಿ.