ಹಳೆಯ ಸಿರಾ ವೈನಿನ ರುಚಿ ಪರೀಕ್ಷೆ: ಹಣ್ಣೆಷ್ಟು, ಪೀಪಾಯಿ ಎಷ್ಟು?



ಕಾಫಿಯ ಕಪ್ ಪರೀಕ್ಷೆಯ ವಿಷಯವಾಗಿ ಬರೆಯಬೇಕೆಂದು ಹಲವರು ಕೇಳಿದ್ದೀರಿ. ಈ ಸಲ ಅದನ್ನು ಪಕ್ಕಕ್ಕಿಟ್ಟು ಫ್ರಾನ್ಸ್ ದೇಶದ ಒಂದು ಕೆಂಪು ವೈನಿನ ವಿಚಾರ ಎತ್ತಿಕೊಂಡಿದ್ದೇನೆ. ಮದ್ಯದ ಪ್ರಚಾರ ಈ ಲೇಖನದ ಉದ್ದೇಶವಲ್ಲ ಎಂಬುದನ್ನು ಮೊದಲೇ ತಿಳಿಸುತ್ತೇನೆ. ವೃತ್ತಿಯಿಂದ ರುಚಿ ನೋಡುವವರು ವೈನನ್ನು ಬಾಯಲ್ಲಿ ಆಡಿಸಿ ಪಕ್ಕದ ಪಾತ್ರೆಗೆ ಉಗುಳಿಬಿಡುತ್ತಾರೆ, ನಮ್ಮ ಕಾಫಿ ಪರೀಕ್ಷಕರು ಚಮಚದಿಂದ ಹೀರಿ ಉಗುಳುವಂತೆಯೇ. ಒಂದು ತೊಟ್ಟೂ ಕುಡಿಯದವರಿಗೂ ಇದರಲ್ಲಿ ತಿಳಿಯತಕ್ಕದ್ದು ಉಂಟು. ಒಗರು, ಹುಳಿ, ಕಾಳುಮೆಣಸಿನ ವಾಸನೆ, ಹುರಿದ ವಾಸನೆ, ಇವು ನಾಲ್ಕೂ ನಮ್ಮ ಅಂಗಳದಲ್ಲೇ ಇರುವಂಥವು. ಆದರೆ ಒಂದನ್ನೊಂದು ಮುಚ್ಚಿಕೊಂಡಿರುವಾಗ ಬಿಡಿಸಿ ನೋಡುವ ಅಭ್ಯಾಸ ನಮ್ಮಲ್ಲಿ ಬಹುಮಂದಿಗೆ ಇಲ್ಲ.

ಲಿಯೋನ್ ನಗರದಿಂದ ರೋನ್ ನದಿಯ ಗುಂಟ ದಕ್ಷಿಣಕ್ಕೆ ಸುಮಾರು 35 ಕಿ.ಮೀ. ಹೋದರೆ ಬಲದಂಡೆಯ ಮೇಲೆ ಆಂಪ್ವಿ ಎಂಬ ಹಳ್ಳಿ ಸಿಗುತ್ತದೆ. ಹಳ್ಳಿಯ ಬೆನ್ನಿಗೇ ಕಡಿದಾದ ಗುಡ್ಡ. ಗುಡ್ಡದ ತುಂಬ ಕಲ್ಲು ಕಟ್ಟಿದ ಮೆಟ್ಟಿಲು ಪಟ್ಟಿಗಳು, ಪಟ್ಟಿಗಳಲ್ಲಿ ದ್ರಾಕ್ಷಿ ಬಳ್ಳಿ. ಎರಡೆರಡು ಗೂಟಗಳನ್ನು ತಲೆ ಕೂಡಿಸಿ ನಿಲ್ಲಿಸಿ ಬಳ್ಳಿಯನ್ನು ಕಟ್ಟುತ್ತಾರೆ. ಬಹುಭಾಗದಲ್ಲಿ ಯಂತ್ರ ಹೋಗುವಂತಿಲ್ಲ, ಎಲ್ಲವೂ ಕೈಕೆಲಸ. ಈ ಇಳಿಜಾರಿನ ಹೆಸರು ಕೋತ್ ರೋತಿ. ಹಾಗೆಂದರೆ 'ಹುರಿದ ಇಳಿಜಾರು'. ಬಿಸಿಲಿಗೆ ಎದೆಯೊಡ್ಡಿ ನಿಂತಿರುವುದರಿಂದ ಆ ಹೆಸರು. ಬೆಳೆಯುವ ಕೆಂಪು ದ್ರಾಕ್ಷಿ ಸಿರಾ ಒಂದೇ. ವಿಯೊನ್ಯೇ ಎಂಬ ಬಿಳಿ ದ್ರಾಕ್ಷಿಯನ್ನು ಶೇ. 20ರವರೆಗೆ ಬೆರೆಸಲು ಅಲ್ಲಿನ ನಿಯಮದಲ್ಲಿ ಅವಕಾಶವಿದೆ. ಸಿರಾ ಪರ್ಷಿಯಾದ ಶಿರಾಜ್ ಪಟ್ಟಣದಿಂದ ಬಂದುದೆಂದು ಬಹುಕಾಲ ಹೇಳುತ್ತಿದ್ದರು. 1990ರ ದಶಕದ ಕೊನೆಯಲ್ಲಿ ನಡೆದ ಡಿ.ಎನ್.ಎ. ಪರೀಕ್ಷೆ ಆ ಕಥೆಯನ್ನು ಮುಗಿಸಿತು. ತಂದೆ ತಾಯಿ ಎರಡೂ ಫ್ರಾನ್ಸಿನ ಆಗ್ನೇಯ ಭಾಗದ ತಳಿಗಳೇ: ದ್ಯುರೇಜಾ ಮತ್ತು ಬಿಳಿ ಮೊಂದ್ಯೂಸ್.

1970ರ ದಶಕದ ಆರಂಭದಲ್ಲಿ ಈ ಗುಡ್ಡದ ಸ್ಥಿತಿ ಶೋಚನೀಯವಾಗಿತ್ತು. ಕೆಳಗಿನ ಸಮತಟ್ಟಿನಲ್ಲಿ ಹಣ್ಣು ತರಕಾರಿ ಬೆಳೆದವನಿಗೆ ಸಿಗುತ್ತಿದ್ದ ಹಣ ಮೇಲೆ ಕಲ್ಲುಪಟ್ಟಿಯಲ್ಲಿ ಬೆನ್ನು ಬಗ್ಗಿಸಿದವನಿಗೆ ಸಿಗುತ್ತಿರಲಿಲ್ಲ. ಬಳ್ಳಿ ಉಳಿದದ್ದು ನೂರು ಹೆಕ್ಟೇರಿಗಿಂತ ಕಡಿಮೆ. ಇಂದು 300 ಹೆಕ್ಟೇರಿಗೂ ಹೆಚ್ಚು ಇದೆ. ಈ ಬದಲಾವಣೆಗೆ ಕಾರಣರಾದವರಲ್ಲಿ ಗಿಗಾಲ್ ಮನೆತನದವರು ಮುಖ್ಯರು. ಎತಿಯೆನ್ ಗಿಗಾಲ್ 1946ರಲ್ಲಿ ಆಂಪ್ವಿಯಲ್ಲಿ ವ್ಯಾಪಾರ ಹೂಡಿದರು. 1961ರಲ್ಲಿ ಅವರ ಕಣ್ಣು ಕಾಣದಂತಾದಾಗ ಮಗ ಮಾರ್ಸೆಲ್ ಚಿಕ್ಕ ವಯಸ್ಸಿನಲ್ಲೇ ಹೊಣೆ ಹೊತ್ತರು. ಒಂದೊಂದು ತುಂಡು ಭೂಮಿಯ ದ್ರಾಕ್ಷಿಯನ್ನು ಬೇರೆಯಾಗಿಯೇ ಇಟ್ಟು ವೈನ್ ಮಾಡುವ ಪದ್ಧತಿಯನ್ನು ಈ ಮನೆಯವರು ಹಿಡಿದರು. 1966ರಲ್ಲಿ ಲಾ ಮೂಲಿನ್, 1978ರಲ್ಲಿ ಲಾ ಲಾಂದೊನ್, 1985ರಲ್ಲಿ ಲಾ ತ್ಯುರ್ಕ್ ಮೊದಲ ಬಾರಿಗೆ ಬಂದವು. ಇವುಗಳಲ್ಲಿ ಲಾ ಲಾಂದೊನ್ ಪೂರ್ತಿ ಸಿರಾ.

ಜಗಳ ಹುಟ್ಟಿದ್ದು ಪೀಪಾಯಿಯ ವಿಷಯದಲ್ಲಿ. ಆ ಸೀಮೆಯ ಹಿರಿಯರು ಹಳೆಯ, ದೊಡ್ಡ ಪೀಪಾಯಿಗಳಲ್ಲಿ ವೈನನ್ನು ಇಡುತ್ತಿದ್ದರು. ಹತ್ತಾರು ಸಲ ಬಳಸಿದ ಪೀಪಾಯಿ ರುಚಿಯನ್ನೇನೂ ಬಿಡುವುದಿಲ್ಲ, ಅದು ಬರೀ ಪಾತ್ರೆ. ಗಿಗಾಲರು ಈ ಮೂರು ವೈನುಗಳನ್ನು ಹೊಚ್ಚ ಹೊಸ ಓಕ್ ಪೀಪಾಯಿಗಳಲ್ಲಿ 42 ತಿಂಗಳು ಇಡುವ ಕ್ರಮ ಹಿಡಿದರು. ಬೋರ್ಡೋ ಸೀಮೆಯ ದೊಡ್ಡ ಮನೆಗಳಲ್ಲಿಯೂ ಹದಿನೆಂಟು ಇಪ್ಪತ್ತು ತಿಂಗಳು ಎಂದರೆ ಬಹಳ. ಮೂರೂವರೆ ವರ್ಷ ಮಾಲು ಉಗ್ರಾಣದಲ್ಲೇ, ಬಂಡವಾಳವೂ ಅಲ್ಲೇ. ಕಂಠಮಟ್ಟ ಸಾಲದಲ್ಲಿರುವ ನಮ್ಮಂಥವರಿಗೆ ಊಹಿಸುವುದೂ ಕಷ್ಟ. ಅಮೆರಿಕದ ವಿಮರ್ಶಕ ರಾಬರ್ಟ್ ಪಾರ್ಕರ್ ಈ ವೈನುಗಳಿಗೆ ಹಲವು ಬಾರಿ ನೂರಕ್ಕೆ ನೂರು ಅಂಕ ಕೊಟ್ಟರು, ಬೆಲೆ ಗಗನಕ್ಕೇರಿತು, ನೋಡಿದವರು ಅನುಕರಿಸಿದರು. ಇನ್ನೊಂದು ಪಕ್ಷದವರ ಆಕ್ಷೇಪ ಇಷ್ಟೇ: ಗುಡ್ಡದ ಗುಣವನ್ನು ಮರದ ಗುಣ ನುಂಗಿತು, ಯಾವ ಊರಿನದಾದರೂ ಒಂದೇ ರುಚಿ. ಇದಕ್ಕೆ ಹೊಸ ಪಕ್ಷದ ಉತ್ತರ, 'ಹದಿನೈದು ವರ್ಷ ಕಾಯಿರಿ, ಮರ ಒಳಗೆ ಸೇರಿಕೊಳ್ಳುತ್ತದೆ.' ಆದುದರಿಂದ ಇಂಥ ವೈನಿನ ಹಳೆಯ ಬಾಟಲಿಯನ್ನು ತೆರೆಯುವುದೆಂದರೆ ಆ ಉತ್ತರ ನಿಜವೋ ಸುಳ್ಳೋ ಎಂದು ನೋಡುವುದು.

ಓಕ್ ಪೀಪಾಯಿ ಮಾಡುವಾಗ ಹಲಗೆಗಳನ್ನು ಬಗ್ಗಿಸಲು ಒಳಗೆ ಬೆಂಕಿ ಹಾಕುತ್ತಾರೆ. ಒಳಮೈ ಹುರಿದಂತಾಗುತ್ತದೆ. ಆ ಹುರಿತದಿಂದ ವೆನಿಲಾ ವಾಸನೆಯ ವ್ಯಾನಿಲಿನ್, ಲವಂಗದ ವಾಸನೆಯ ಯೂಜೆನಾಲ್, ಹೊಗೆ ಮತ್ತು ಹುರಿದ ಕಾಫಿಯ ವಾಸನೆ ಕೊಡುವ ಹಲವು ವಸ್ತುಗಳು ವೈನಿಗೆ ಇಳಿಯುತ್ತವೆ. ಅಮೆರಿಕದ ಓಕ್ ಆದರೆ ಕೊಬ್ಬರಿಯ ವಾಸನೆ ಮುಂದು, ಫ್ರಾನ್ಸಿನದಾದರೆ ಅದು ಹಿಂದು. ಹಲಗೆಯ ಮೂಲಕ ಸ್ವಲ್ಪಸ್ವಲ್ಪವೇ ಗಾಳಿಯಾಡಿ ಒಗರೂ ಪಳಗುತ್ತದೆ. ಕಾಫಿಗೆ ಹೋಲಿಸಿದರೆ ಅರ್ಥ ಸುಲಭ. ಹದವಾಗಿ ಹುರಿದ ಕಾಫಿಯಲ್ಲಿ ತೋಟದ ಗುಣ ತಿಳಿಯುತ್ತದೆ. ಕಪ್ಪಗೆ ಹುರಿದು ಚಿಕೋರಿ ಬೆರೆಸಿದರೆ ಒಳ್ಳೆಯ ಬೀಜವೂ ಕೆಟ್ಟ ಬೀಜವೂ ಅಣ್ಣತಮ್ಮಂದಿರೇ.

ಈಗ ಪರೀಕ್ಷೆಯ ಕ್ರಮಕ್ಕೆ ಬರೋಣ. 2024ರ ಅಕ್ಟೋಬರಿನಲ್ಲಿ ಲಿಯೋನಿನಲ್ಲಿ ಉದ್ಯೋಗದಲ್ಲಿರುವ ತಂಗಿಯ ಮಗನ ಮನೆಗೆ ಹೋಗಿದ್ದೆ. ಅವನ ನೆರೆಮನೆಯ ಹಿರಿಯರೊಬ್ಬರು 2005ರ ಒಂದು ಕೋತ್ ರೋತಿಯನ್ನು ತೆರೆದರು. ಗಿಗಾಲರದ್ದಲ್ಲ, ಆದರೆ ಅದೇ ಹೊಸ ಪೀಪಾಯಿಯ ಪಂಥದ್ದು. ಪೂರ್ತಿ ಸಿರಾ. ಬಾಟಲಿಯನ್ನು ಎರಡು ದಿನ ಮೊದಲೇ ನೆಟ್ಟಗೆ ನಿಲ್ಲಿಸಿದ್ದರು, ಗಷ್ಟು ತಳಕ್ಕೆ ಇಳಿಯಲೆಂದು. ಬಾಟಲಿಯ ಕತ್ತಿನ ಹಿಂದೆ ಮೇಣದ ಬತ್ತಿ ಹಚ್ಚಿಟ್ಟು, ಅಲುಗಾಡಿಸದೆ ಗಾಜಿನ ಹೂಜಿಗೆ ಬಗ್ಗಿಸಿದರು. ಗಷ್ಟು ಕತ್ತಿನ ತನಕ ಬಂದೊಡನೆ ಕೈ ನಿಲ್ಲಿಸಿದರು. ಶಾಖ 17 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಬೇಕು. ನಮ್ಮ ಬೇಸಿಗೆಯ ಕೋಣೆಯ ಶಾಖದಲ್ಲಿ ಮದ್ಯಸಾರದ ಘಾಟು ಬಿಟ್ಟು ಬೇರೇನೂ ಮೂಗಿಗೆ ಹತ್ತದು.

ಮೊದಲು ಕಣ್ಣು. ಲೋಟವನ್ನು ಮೂರನೇ ಒಂದು ಪಾಲು ತುಂಬಿ ಬಿಳಿ ಕಾಗದದ ಮೇಲೆ ಓರೆ ಹಿಡಿಯಬೇಕು. ಎಳೆಯ ಸಿರಾ ಮಸಿಯಂತೆ ಕಪ್ಪು, ಅಂಚಿನಲ್ಲಿ ನೇರಳೆ. ಈ ವೈನಿನ ನಡು ಇನ್ನೂ ಗಾಢ ಕೆಂಪಾಗಿತ್ತು, ಅಂಚು ಮಾತ್ರ ಹೆಂಚಿನ ಬಣ್ಣಕ್ಕೆ ತಿರುಗಿತ್ತು. ದ್ರಾಕ್ಷಿ ಸಿಪ್ಪೆಯ ಬಣ್ಣದ ವಸ್ತುವೂ ಟ್ಯಾನಿನ್ನೂ ವರ್ಷಗಳ ಕಾಲ ಒಂದಕ್ಕೊಂದು ಬೆಸೆದು ಭಾರವಾಗಿ ತಳಕ್ಕೆ ಬೀಳುತ್ತವೆ. ಬತ್ತಿಯ ಬೆಳಕಿನಲ್ಲಿ ಕಂಡ ಗಷ್ಟು ಅದೇ.

ಆಮೇಲೆ ಮೂಗು. ಲೋಟವನ್ನು ಅಲ್ಲಾಡಿಸದೆ ಒಂದು ಸಲ, ತಿರುಗಿಸಿ ಇನ್ನೊಂದು ಸಲ. ಮೊದಲ ಸಲ ನನಗೆ ಬಂದದ್ದು ವೆನಿಲಾ, ಲವಂಗ, ಹುರಿಯುತ್ತಿರುವ ಕಾಫಿ. ಎಲ್ಲವೂ ಪೀಪಾಯಿಯವು. ನಾನು ಹಾಗೆಂದಾಗ ಹಿರಿಯರು 'ಹತ್ತು ನಿಮಿಷ ಬಿಡಿ' ಎಂದರು. ಬಿಟ್ಟ ಮೇಲೆ ಒಣಗಿದ ಕಪ್ಪು ಹಣ್ಣು, ಚರ್ಮ, ಹೊಗೆಗೆ ಕಟ್ಟಿದ ಮಾಂಸ, ಮತ್ತು ಮೊದಲ ಮಳೆ ಬಿದ್ದ ಮರುದಿನ ತೋಟದ ತರಗೆಲೆಯಡಿಯಿಂದ ಏಳುವ ವಾಸನೆ. ಈ ನಾಲ್ಕನೆಯದು ಹಳೆಯ ವೈನಿಗೆ ಸಹಜವಾದುದು. ಪೀಪಾಯಿಯಿಂದ ಬರುವುದಲ್ಲ, ಬಾಟಲಿಯಲ್ಲಿ ಹುಟ್ಟುವುದು.

'ಕಾಳುಮೆಣಸು!' ಎಂದ ತಂಗಿಯ ಮಗ. ಹಿರಿಯರೂ ತಲೆಯಾಡಿಸಿದರು. ನನಗೆ ಏನೂ ಬರಲಿಲ್ಲ. ನಲವತ್ತು ವರ್ಷ ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದವನು ನಾನು. ಲೋಟಕ್ಕೆ ಮೂಗಿಟ್ಟು ಮತ್ತೆ ಮತ್ತೆ ನೋಡಿದೆ, ನಾಚಿಕೆಯೂ ಆಯಿತು. ಊರಿಗೆ ಬಂದು ಓದಿದಾಗ ಕಾರಣ ತಿಳಿಯಿತು. ಸಿರಾದ ಮೆಣಸಿನ ವಾಸನೆಗೆ ಕಾರಣವಾದ ವಸ್ತು ರೊಟುಂಡೋನ್. ಆಸ್ಟ್ರೇಲಿಯಾದ ವೈನ್ ಸಂಶೋಧನಾ ಸಂಸ್ಥೆಯವರು 2008ರಲ್ಲಿ ಅದನ್ನು ಪ್ರಕಟಿಸಿದರು. ನಮ್ಮ ಕರಿಮೆಣಸಿನಲ್ಲಿ ಇರುವುದೂ ಇದೇ ವಸ್ತು, ಸಾವಿರಾರು ಪಟ್ಟು ಹೆಚ್ಚು. ಕೆಂಪು ವೈನಿನಲ್ಲಾದರೋ ಒಂದು ಲೀಟರಿಗೆ 16 ನ್ಯಾನೋಗ್ರಾಂ, ಅಂದರೆ ಒಂದು ಗ್ರಾಮಿನ ನೂರು ಕೋಟಿಯ ಭಾಗದಲ್ಲಿ ಹದಿನಾರು, ಇದ್ದರೂ ಸಾಕು, ಮೂಗು ಹಿಡಿಯುತ್ತದೆ. ಆದರೆ ಅವರ ಪರೀಕ್ಷೆಯಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಎಷ್ಟು ಹಾಕಿದರೂ ಇದರ ವಾಸನೆಯೇ ಗೊತ್ತಾಗಲಿಲ್ಲ. ನಾನು ಆ ಐದನೆಯವನಿರಬೇಕು. ಕಣದಲ್ಲಿ ಒಣಗುವ ಮೆಣಸಿನ ವಾಸನೆ ನನಗೆ ಚೆನ್ನಾಗಿಯೇ ಬರುತ್ತದೆ, ಏಕೆಂದರೆ ಅದರಲ್ಲಿ ಬೇರೆ ಸುಗಂಧ ತೈಲಗಳೂ ಇವೆ. (ಖಾರ ಬೇರೆ ವಿಷಯ. ಅದು ಪೈಪರಿನ್ನಿನ ಕೆಲಸ, ನಾಲಗೆಗೆ ಸಂಬಂಧಿಸಿದ್ದು.) ಆದುದರಿಂದ ರುಚಿ ಪರೀಕ್ಷೆಗೆ ಒಬ್ಬರೇ ಕೂರಬಾರದು. ಕಡೇಪಕ್ಷ ಮೂವರಿರಲಿ, ಮೊದಲು ಬರೆದುಕೊಂಡು ಆಮೇಲೆ ಬಾಯಿ ಬಿಡಲಿ. ದೊಡ್ಡ ಧ್ವನಿಯವನು ಮೊದಲು ಹೇಳಿದರೆ ಉಳಿದವರಿಗೂ ಅದೇ ವಾಸನೆ ಬಂದುಬಿಡುತ್ತದೆ.

ಕೆಡುಕಿನ ವಾಸನೆಗಳನ್ನೂ ಈ ಹಂತದಲ್ಲೇ ಹುಡುಕಬೇಕು. ಒದ್ದೆ ಗೋಣಿಯ, ಮುಗ್ಗಲು ವಾಸನೆ ಬಂದರೆ ಬಿರಡೆಯ ದೋಷ. ಅದಕ್ಕೆ ಕಾರಣವಾದ ಟ್ರೈಕ್ಲೋರೋಅನಿಸೋಲ್ ಎಂಬ ವಸ್ತುವೇ ಕಾಫಿಯ ಕುಖ್ಯಾತ 'ರಿಯೋ' ವಾಸನೆಯಲ್ಲೂ ಮುಖ್ಯವಾದುದು. ಎರಡೂ ಕಡೆ ಮೂಲ ಶಿಲೀಂಧ್ರವೇ. ಕುದುರೆ ಲಾಯದ ವಾಸನೆ ಬಂದರೆ ಬ್ರೆಟ್ಟನೋಮೈಸಿಸ್ ಎಂಬ ಯೀಸ್ಟ್. ಉತ್ತರ ರೋನಿನಲ್ಲಿ ಸ್ವಲ್ಪ ಇದ್ದರೆ ಗುಣವೆನ್ನುವವರೂ ಇದ್ದಾರೆ. ನಾನು ದೋಷವೆಂದೇ ಎಣಿಸುತ್ತೇನೆ. ನಮ್ಮ ಬಾಟಲಿಯಲ್ಲಿ ಎರಡೂ ಇರಲಿಲ್ಲ.

ಕೊನೆಗೆ ಬಾಯಿ. ಒಂದು ಚಮಚದಷ್ಟು ತೆಗೆದುಕೊಂಡು, ಸ್ವಲ್ಪ ಗಾಳಿ ಹೀರಿ, ಬಾಯಿಯೆಲ್ಲ ಆಡಿಸಿ, ಉಗುಳಿ, ಎಣಿಸುತ್ತ ಕೂರಬೇಕು. ಇಲ್ಲಿಯೇ ಅಡಿಕೆ ಬೆಳೆಗಾರನಿಗೆ ಅನುಕೂಲ. ಚೊಗರು ನಾಲಗೆಗೆ ತಾಗಿದಾಗ ಆಗುವ ಅನುಭವ ಯಾರಿಗೂ ವಿವರಿಸಬೇಕಿಲ್ಲ. ಟ್ಯಾನಿನ್ ಜೊಲ್ಲಿನ ಪ್ರೋಟೀನುಗಳನ್ನು ಹಿಡಿದು ಗಂಟು ಹಾಕುತ್ತದೆ, ಬಾಯಿ ಜಾರುವುದು ನಿಂತು ಒರಟಾಗುತ್ತದೆ. ಎಲ್ಲಿ ಒರಟಾಯಿತು ಎಂಬುದನ್ನು ಗಮನಿಸಿ. ಚೆನ್ನಾಗಿ ಮಾಗಿದ ದ್ರಾಕ್ಷಿಯ ಒಗರು ಇಡೀ ಬಾಯಿಗೆ ಹರಡಿ, ಹಣ್ಣಿನ ರುಚಿಯ ಜೊತೆಗೇ ಇಳಿಯುತ್ತದೆ. ಹಣ್ಣಿನ ರುಚಿ ಹೋದ ಮೇಲೂ ನಾಲಗೆಯ ಹಿಂಬದಿಯಲ್ಲಿ ಗರಗಸದ ಪುಡಿ ಕಚ್ಚಿದಂತೆ ಒಣಗಿಯೇ ಉಳಿದರೆ, ಅದು ಮರದ್ದೆಂದು ನನ್ನ ಅಂದಾಜು. ಆ ಹಿರಿಯರೂ ಹೀಗೆಯೇ ತೀರ್ಮಾನಿಸುತ್ತಿದ್ದರು.

ನಮ್ಮ ವೈನಿನಲ್ಲಿ ಹುಳಿ ಇನ್ನೂ ಜೀವಂತವಿತ್ತು, ಒಗರು ಮೆತ್ತಗಾಗಿತ್ತು, ಮಾಂಸ ಮತ್ತು ಹಣ್ಣಿನ ರುಚಿ ನಾನು ಹದಿನೆಂಟು ಎಣಿಸುವ ತನಕ ನಿಂತಿತು. ಅದಾದ ಮೇಲೆ ಐದಾರು ಎಣಿಕೆಯಷ್ಟು ಹೊತ್ತು ಬರೀ ಮರ. ವಯಸ್ಸು ಮರವನ್ನು ತೆಗೆದುಹಾಕುತ್ತದೆಂಬ ಮಾತನ್ನು ನಾನು ಅಂದಿನಿಂದ ನಂಬುವುದಿಲ್ಲ. ಹಣ್ಣೂ ವರ್ಷವರ್ಷ ಕರಗುತ್ತಲೇ ಇರುತ್ತದೆ. ಮೊದಲ ದಿನವೇ ಹಣ್ಣಿನ ಸತ್ವ ಬಲವಾಗಿದ್ದರೆ ಅದು ಮರವನ್ನು ಹೊತ್ತುಕೊಂಡು ಹೋಗುತ್ತದೆ. ತೆಳುವಾದ ಫಸಲನ್ನು ಹೊಸ ಪೀಪಾಯಿಗೆ ಹಾಕಿದರೆ ಇಪ್ಪತ್ತು ವರ್ಷದ ಮೇಲೆ ಹಲಗೆಯ ಕಷಾಯ ಮಾತ್ರ ಉಳಿಯುತ್ತದೆ. ಕಡಿದಾದ ಇಳಿಜಾರಿನ ಹಳೆಯ ಬಳ್ಳಿಯ ಸಾಂದ್ರ ಹಣ್ಣಿಗೆ ಒಪ್ಪಿದ 42 ತಿಂಗಳನ್ನು ಕೆಳಗಿನ ಫಲವತ್ತಾದ ಭೂಮಿಯ ಹಣ್ಣಿಗೆ ಅನ್ವಯಿಸಿದ ಅನುಕರಣಕಾರರು ಎಡವಿದ್ದು ಇಲ್ಲೇ. ಈಚಿನ ವರ್ಷಗಳಲ್ಲಿ ಆ ಗುಡ್ಡದ ಅನೇಕರು ಹೊಸ ಪೀಪಾಯಿಯ ಪಾಲನ್ನು ಕಡಿಮೆ ಮಾಡಿಕೊಂಡಿದ್ದಾರೆ.

ಮನೆಯಲ್ಲಿ ಅಭ್ಯಾಸ ಮಾಡಲು ವೈನ್ ಬೇಕಾಗಿಲ್ಲ. ಒಂದೇ ಚಹಾ ಪುಡಿಯನ್ನು ಒಂದು ಲೋಟದಲ್ಲಿ ಮೂರು ನಿಮಿಷ, ಇನ್ನೊಂದರಲ್ಲಿ ಹದಿನೈದು ನಿಮಿಷ ನೆನೆಸಿ, ಹಾಲು ಸಕ್ಕರೆ ಹಾಕದೆ ಒಗರನ್ನು ಹೋಲಿಸಿ. ನಿಮ್ಮದೇ ತೋಟದ ಅರೇಬಿಕಾವನ್ನು ಎರಡು ಪಾಲು ಮಾಡಿ ಒಂದನ್ನು ಕಂದು ಬಣ್ಣಕ್ಕೆ, ಒಂದನ್ನು ಎಣ್ಣೆ ಬಿಡುವ ತನಕ ಹುರಿದು, ಗುರುತು ಮುಚ್ಚಿ ಮನೆಯವರಿಗೆ ಕೊಡಿ. ಎರಡೂ ಒಂದೇ ಗಿಡದವೆಂದು ಎಷ್ಟು ಮಂದಿ ಹೇಳುತ್ತಾರೆ ನೋಡಿ. ಜಜ್ಜಿದ ಮೆಣಸು, ಲವಂಗ, ಒದ್ದೆ ಗೋಣಿಯ ತುಂಡು ಇವುಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟು ಕಣ್ಣು ಮುಚ್ಚಿ ಮೂಸುವುದೂ ಒಳ್ಳೆಯ ಪಾಠವೇ. ಮಕ್ಕಳು ದೊಡ್ಡವರನ್ನು ಸೋಲಿಸುತ್ತಾರೆ.

ಅಂದ ಹಾಗೆ, ಆ ರಾತ್ರಿ ಹಿರಿಯರು ಲೋಟಗಳನ್ನು ತೊಳೆಯಬೇಡಿರೆಂದರು. ಬೆಳಿಗ್ಗೆ ಖಾಲಿ ಲೋಟವನ್ನು ಮೂಸಿದೆ: ವೆನಿಲಾ, ಸ್ವಲ್ಪ ಹೊಗೆ, ಎಲ್ಲೋ ಒಂದಿಷ್ಟು ಒಣದ್ರಾಕ್ಷಿ. ಮರವೇ ಗೆದ್ದಿತಲ್ಲ ಎಂದೆ. ವ್ಯಾನಿಲಿನ್ ಬೇಗ ಹಾರಿಹೋಗುವ ವಸ್ತುವಲ್ಲ, ಖಾಲಿ ಲೋಟದ ಸಾಕ್ಷಿಯನ್ನು ಅರ್ಧ ಮಾತ್ರ ನಂಬಬೇಕು ಎಂದು ಅವರು ನಕ್ಕರು. ತಂಗಿಯ ಮಗನಿಗೆ ಆಗಲೂ ಮೆಣಸಿನ ವಾಸನೆ ಬರುತ್ತಿತ್ತಂತೆ.