ಹೆಸರು ಬದಲಿಸಿದರೆ ಜಾಹೀರಾತು ಬೆನ್ನು ಬಿಡುತ್ತದೆಯೇ?

ಸಾಮಾಜಿಕ ಜಾಲತಾಣದಲ್ಲಿ ನಿಜ ಹೆಸರು ಹಾಕಬೇಕೇ, ಗುಪ್ತನಾಮ ಸಾಕೇ? ಅಪರಿಚಿತರ ಕಿರುಕುಳದಿಂದ ದೂರವಿರಲು, ಅದರಲ್ಲೂ ವಿದ್ಯಾರ್ಥಿನಿಯರಿಗೆ, ಗುಪ್ತನಾಮ ನೆರವಾಗುತ್ತದೆ. ಆದರೆ ಜಾಹೀರಾತುದಾರರಿಂದ ಅದು ನಮ್ಮನ್ನು ಮರೆಮಾಡುವುದಿಲ್ಲ. ಇವೆರಡನ್ನೂ ಬೇರೆ ಬೇರೆಯಾಗಿ ತಿಳಿಯುವುದು ಅಗತ್ಯ.

ನಿಜ ಹೆಸರಿನ ಕಡ್ಡಾಯ

ಕೆಟ್ಟ ಕಮೆಂಟ್‌ಗಳನ್ನು ತಡೆಯಲು ದಕ್ಷಿಣ ಕೊರಿಯಾ 2007ರಲ್ಲಿ ಒಂದು ನಿಯಮ ತಂದಿತು. ದೊಡ್ಡ ಜಾಲತಾಣಗಳಲ್ಲಿ ಬರೆಯುವವರು ತಮ್ಮ ನಿಜ ಗುರುತನ್ನು ದೃಢಪಡಿಸಬೇಕಿತ್ತು. 2011ರಲ್ಲಿ ಅಲ್ಲಿನ ಸೈವರ್ಲ್ಡ್ ಮತ್ತು ನೇಟ್ ತಾಣಗಳಿಂದ ಸುಮಾರು 3.5 ಕೋಟಿ ಬಳಕೆದಾರರ ಮಾಹಿತಿ ಕಳವಾಯಿತು. 2012ರಲ್ಲಿ ಸಂವಿಧಾನ ನ್ಯಾಯಾಲಯ ಆ ನಿಯಮವನ್ನೇ ರದ್ದುಗೊಳಿಸಿತು. 2011ರಲ್ಲಿ ಆರಂಭವಾದ ಗೂಗಲ್ ಪ್ಲಸ್ ಕೂಡ ನಿಜ ಹೆಸರಿಗೆ ಪಟ್ಟು ಹಿಡಿದು, 2014ರಲ್ಲಿ ಅದನ್ನು ಕೈಬಿಟ್ಟಿತು.

ಜಾಹೀರಾತಿಗೆ ಬೇಕಾದದ್ದು ಹೆಸರಲ್ಲ

ಜಾಹೀರಾತುದಾರರಿಗೆ ನಮ್ಮ ಹೆಸರಿಗಿಂತ ನಮ್ಮ ಫೋನ್ ಸಂಖ್ಯೆ, ಇಮೇಲ್, ಇರುವ ಸ್ಥಳ, ನೋಡಿದ ವಿಡಿಯೋಗಳು ಹೆಚ್ಚು ಉಪಯುಕ್ತ. ಹಬ್ಬಕ್ಕೆ ಬಟ್ಟೆ ಕೊಂಡಾಗ ಬಿಲ್‌ಗೆಂದು ನಂಬರ್ ಕೊಡುತ್ತೇವೆ. ಅಂಗಡಿಯವರು ಗ್ರಾಹಕರ ನಂಬರ್‌ಗಳ ಪಟ್ಟಿಯನ್ನು ಫೇಸ್‌ಬುಕ್‌ನಂಥ ಕಂಪನಿಗೆ ಕೊಟ್ಟರೆ, ಅದು ತನ್ನಲ್ಲಿರುವ ಖಾತೆಗಳ ನಂಬರ್‌ಗಳೊಂದಿಗೆ ತಾಳೆ ನೋಡಿ, ಹೊಂದಿಕೆಯಾದ ಖಾತೆಗಳಿಗೆ ಜಾಹೀರಾತು ತೋರಿಸಬಲ್ಲದು. ಖಾತೆಯಲ್ಲಿ ‘ಬೆಳದಿಂಗಳು’ ಎಂದಿದ್ದರೂ ನಂಬರ್ ನಮ್ಮದೇ ತಾನೇ?

ಟ್ವಿಟರ್ ಗುಪ್ತನಾಮಕ್ಕೆ ಮೊದಲಿನಿಂದಲೂ ಅವಕಾಶ ಕೊಟ್ಟಿತ್ತು. ಆದರೂ ಖಾತೆಯ ಭದ್ರತೆಗೆಂದು ಪಡೆದ ಫೋನ್ ಸಂಖ್ಯೆ, ಇಮೇಲ್‌ಗಳನ್ನು ಜಾಹೀರಾತಿಗೆ ಬಳಸಿದ ಆರೋಪದ ಮೇಲೆ 2022ರಲ್ಲಿ ಅಮೆರಿಕದಲ್ಲಿ 15 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಬೇಕಾಯಿತು.

ನಮ್ಮ ಹಕ್ಕು

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಸಾರಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರು ಮಕ್ಕಳು. ಅವರನ್ನು ಗುರಿಯಾಗಿಸಿದ ಜಾಹೀರಾತಿಗೆ ಅದು ನಿಷೇಧ ಹೇರುತ್ತದೆ. ಪಿಯುಸಿಯ ನಮ್ಮಲ್ಲಿ ಹೆಚ್ಚಿನವರು ಈ ವಯಸ್ಸಿನವರೇ. ಖಾತೆ ತೆರೆಯುವಾಗ ವಯಸ್ಸು ಹೆಚ್ಚಿಸಿ ಬರೆದರೆ ಈ ರಕ್ಷಣೆಯನ್ನು ನಾವೇ ಕಳೆದುಕೊಂಡಂತೆ.

ನೆನಪಿಡಿ

• ಗುಪ್ತನಾಮ ಇಟ್ಟುಕೊಳ್ಳಿ. ವಯಸ್ಸು ಮಾತ್ರ ಸರಿಯಾಗಿ ಬರೆಯಿರಿ.
• ಅಗತ್ಯವಿಲ್ಲದ ಆ್ಯಪ್‌ಗಳಿಗೆ ಲೊಕೇಶನ್, ಕಾಂಟ್ಯಾಕ್ಟ್ಸ್ ಅನುಮತಿ ಕೊಡಬೇಡಿ.
• ಸೆಟ್ಟಿಂಗ್ಸ್‌ನಲ್ಲಿ ಜಾಹೀರಾತು ಆಯ್ಕೆಗಳನ್ನು ತೆರೆದು ನೋಡಿ.
• ಅಂಗಡಿಯಲ್ಲಿ ನಂಬರ್ ಕೇಳಿದರೆ, ಏಕೆ ಬೇಕೆಂದು ವಿಚಾರಿಸಿ.